ಮೊಟ್ಟೆ ಆಗದ ಮಗುವಿಗೂ ಫ್ಲೂ ಲಸಿಕೆ

ಮಳೆಗಾಲ ಹಿಡಿಯುವ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ, ಮಕ್ಕಳ ಕ್ಲಿನಿಕ್ಕುಗಳಲ್ಲಿ ಫ್ಲೂ ಲಸಿಕೆಯ ಮಾತು ಏಳುತ್ತದೆ. ಸೂಜಿ ಚುಚ್ಚುವ ಮೊದಲು ನರ್ಸ್ ಎರಡು ಮೂರು ಪ್ರಶ್ನೆ ಕೇಳುತ್ತಾರೆ. ಜ್ವರ ಇದೆಯಾ? ಹಿಂದೆ ಯಾವ ಲಸಿಕೆಗಾದರೂ ತೊಂದರೆ ಆಗಿತ್ತಾ? ಮೊಟ್ಟೆ ತಿಂದರೆ ಏನಾದರೂ ಆಗುತ್ತಾ? ಈ ಕೊನೆಯ ಪ್ರಶ್ನೆಗೆ ತಾಯಿ "ಹೌದು ಸಿಸ್ಟರ್, ಒಂದು ಚೂರು ಆಮ್ಲೆಟ್ ತಿಂದಿದ್ದಕ್ಕೇ ಮುಖವೆಲ್ಲ ಊದಿಕೊಂಡಿತ್ತು" ಎಂದುಬಿಟ್ಟರೆ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಕೆಲವು ಕಡೆ "ಈ ವರ್ಷ ಬೇಡ ಬಿಡಿ" ಎನ್ನುತ್ತಾರೆ. ಇನ್ನು ಕೆಲವು ಕಡೆ "ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ಟೆಸ್ಟ್ ಮಾಡಿಸಿಕೊಂಡು ಬನ್ನಿ" ಎನ್ನುತ್ತಾರೆ. ದೊಡ್ಡಾಸ್ಪತ್ರೆಗೆ ಹೋಗುವುದು ನಾಳೆ, ನಾಡಿದ್ದು ಎಂದು ಮುಂದೂಡುತ್ತಾ ಹೋಗುತ್ತದೆ. ಜೂನ್ ಬರುತ್ತದೆ, ಶಾಲೆ ತೆರೆಯುತ್ತದೆ. ಮಗು ಲಸಿಕೆಯಿಲ್ಲದೆಯೇ ಮಳೆಗಾಲಕ್ಕೆ ಕಾಲಿಡುತ್ತದೆ.

ಮೊಟ್ಟೆ ಅಲರ್ಜಿ ಇರುವ ಮಕ್ಕಳಿಗೆ ಫ್ಲೂ ಲಸಿಕೆ ಕೊಡಬಹುದು. ಮಾಮೂಲಿ ಕ್ಲಿನಿಕ್ಕಿನಲ್ಲಿ, ಮಾಮೂಲಿ ಡೋಸಿನಲ್ಲಿ, ಉಳಿದ ಮಕ್ಕಳಿಗೆ ಕೊಡುವ ಹಾಗೆಯೇ ಕೊಡಬಹುದು. ಇದು ಯಾರೋ ಒಬ್ಬ ವೈದ್ಯರ ಧೈರ್ಯದ ಮಾತಲ್ಲ. ಸಾವಿರಾರು ಅಲರ್ಜಿ ಮಕ್ಕಳಿಗೆ ಲಸಿಕೆ ಹಾಕಿ, ಪಕ್ಕದಲ್ಲಿ ಕಾದು ಕುಳಿತು ನೋಡಿದ ಮೇಲೆ ಬಂದ ತೀರ್ಮಾನ. ಆದರೂ ಹಳೆಯ ಭಯ ನಮ್ಮ ಕ್ಲಿನಿಕ್ಕುಗಳನ್ನು ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ. ಈ ಭಯ ಎಲ್ಲಿಂದ ಬಂತು, ಈಗ ಅದಕ್ಕೆ ಆಧಾರ ಯಾಕಿಲ್ಲ ಎಂದು ತಂದೆ–ತಾಯಿಗೂ ಗೊತ್ತಿರಬೇಕು. ಲಸಿಕೆ ತಪ್ಪಿದರೆ ಕಾಯಿಲೆಯ ಭಾರ ಹೊರುವವರು ಅವರ ಮಕ್ಕಳೇ.

ಲಸಿಕೆಗೂ ಮೊಟ್ಟೆಗೂ ನಂಟು ಬೆಳೆದ ಕಥೆ ಸುಮಾರು ತೊಂಬತ್ತು ವರ್ಷ ಹಳೆಯದು. ವೈರಸ್ ತಾನಾಗಿ ಬೆಳೆಯುವುದಿಲ್ಲ, ಅದಕ್ಕೆ ಜೀವಂತ ಕೋಶ ಬೇಕು. 1931ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅರ್ನೆಸ್ಟ್ ಗುಡ್‌ಪಾಶ್ಚರ್ ಮತ್ತು ಆಲಿಸ್ ವುಡ್ರಫ್, ಮರಿಯಾಗುತ್ತಿರುವ ಕೋಳಿಮೊಟ್ಟೆಯೊಳಗೆ ವೈರಸ್ ಬೆಳೆಸಬಹುದೆಂದು ತೋರಿಸಿದರು. ಎರಡು ವರ್ಷದ ನಂತರ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಆಸ್ಟ್ರೇಲಿಯಾದ ಮೆಕ್‌ಫರ್ಲೇನ್ ಬರ್ನೆಟ್ ಅದನ್ನು ಮೊಟ್ಟೆಯಲ್ಲಿ ಬೆಳೆಸುವ ವಿದ್ಯೆಯನ್ನು ಪಳಗಿಸಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಥಾಮಸ್ ಫ್ರಾನ್ಸಿಸ್ ಮತ್ತು ಮುಂದೆ ಪೋಲಿಯೊ ಲಸಿಕೆಯಿಂದ ಹೆಸರಾದ ಜೋನಸ್ ಸಾಲ್ಕ್ ಅಮೆರಿಕದ ಸೈನಿಕರಿಗಾಗಿ ಫ್ಲೂ ಲಸಿಕೆ ಸಿದ್ಧಪಡಿಸಿದರು. ಅಂದಿನಿಂದ ಇಂದಿನವರೆಗೆ ಜಗತ್ತಿನ ಬಹುಪಾಲು ಫ್ಲೂ ಲಸಿಕೆ ತಯಾರಾಗುತ್ತಿರುವುದು ಮೊಟ್ಟೆಯಲ್ಲೇ. ನಮ್ಮ ಖಾಸಗಿ ಕ್ಲಿನಿಕ್ಕುಗಳಲ್ಲಿ ಸಿಗುವ ಲಸಿಕೆಯೂ ಬಹುತೇಕ ಇದೇ ಬಗೆಯದು.

ಹತ್ತು ಹನ್ನೊಂದು ದಿನ ಕಾವು ಕೊಟ್ಟ ಮೊಟ್ಟೆಯಲ್ಲಿ ಭ್ರೂಣದ ಪಕ್ಕ ಒಂದು ನೀರಿನ ಚೀಲ ಇರುತ್ತದೆ. ವೈರಸ್ಸನ್ನು ಅದರೊಳಗೆ ಬಿಡುತ್ತಾರೆ. ಎರಡು ಮೂರು ದಿನದಲ್ಲಿ ಅಲ್ಲಿ ಕೋಟಿಗಟ್ಟಲೆ ವೈರಸ್ ತುಂಬಿಕೊಳ್ಳುತ್ತದೆ. ಆ ನೀರನ್ನು ಹೀರಿ ತೆಗೆದು, ರಾಸಾಯನಿಕದಿಂದ ವೈರಸ್ಸನ್ನು ನಿಷ್ಕ್ರಿಯಗೊಳಿಸಿ, ಚೂರಾಗಿಸಿ, ಮತ್ತೆ ಮತ್ತೆ ಶುದ್ಧೀಕರಿಸುತ್ತಾರೆ. ವೈರಸ್ ಬೆಳೆಯುವುದು ಆ ನೀರಿನಲ್ಲಿ, ನಾವು ತಿನ್ನುವ ಬಿಳಿ ಲೋಳೆಯಲ್ಲಲ್ಲ. ಆದರೂ ಮೊಟ್ಟೆಯ ಪ್ರೋಟೀನ್ ಒಂದಿಷ್ಟು ಜೊತೆಗೆ ಬಂದೇ ಬರುತ್ತದೆ. ಮೊದಲ ದಶಕಗಳ ಲಸಿಕೆಗಳು ಅಷ್ಟು ಶುದ್ಧವಾಗಿರಲಿಲ್ಲ. ಯಾವ ಬ್ಯಾಚಿನಲ್ಲಿ ಎಷ್ಟು ಮೊಟ್ಟೆಯಂಶ ಉಳಿದಿದೆ ಎಂದು ವೈದ್ಯರಿಗೆ ತಿಳಿಯುವ ದಾರಿಯೂ ಇರಲಿಲ್ಲ. ಆ ಕಾಲದಲ್ಲಿ ವೈದ್ಯರು ಹೆದರಿದ್ದರಲ್ಲಿ ತಪ್ಪೇನೂ ಇಲ್ಲ.

ಪರಿಸ್ಥಿತಿ ಬದಲಾಗಿದ್ದು ಶುದ್ಧೀಕರಣದಿಂದ. 1960ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ನಾರ್ಮನ್ ಆಂಡರ್ಸನ್ ತಂಡ ಒಂದು ವೇಗದ ಸೆಂಟ್ರಿಫ್ಯೂಜ್ ರೂಪಿಸಿತು. ಯುರೇನಿಯಂ ಬೇರ್ಪಡಿಸಲು ಬೆಳೆಸಿದ್ದ ತಂತ್ರಜ್ಞಾನವೇ ಅದರ ಮೂಲ. ಸಕ್ಕರೆ ದ್ರಾವಣದ ಪದರಗಳ ನಡುವೆ ಅತಿವೇಗದಲ್ಲಿ ತಿರುಗಿಸಿದಾಗ ವೈರಸ್ ಒಂದು ಪದರದಲ್ಲಿ ನಿಲ್ಲುತ್ತದೆ, ಮೊಟ್ಟೆಯ ಕಸರು ಬೇರೆ ಪದರಕ್ಕೆ ಹೋಗುತ್ತದೆ. ಬಾಂಬಿಗಾಗಿ ಹುಟ್ಟಿದ ವಿದ್ಯೆ ಮಕ್ಕಳ ಲಸಿಕೆಯನ್ನು ಶುದ್ಧಗೊಳಿಸಲು ಒದಗಿಬಂದಿದೆಯಲ್ಲ ಎಂದು ನನಗೆ ಪ್ರತಿ ಸಲವೂ ಸಮಾಧಾನವಾಗುತ್ತದೆ.

ಹಾಗಾದರೆ ಈಗ ಎಷ್ಟು ಉಳಿದಿದೆ? ಮೊಟ್ಟೆಯ ಬಿಳಿಯಲ್ಲಿರುವ ಮುಖ್ಯ ಪ್ರೋಟೀನ್ ಓವಾಲ್ಬುಮಿನ್. ಲಸಿಕೆಯಲ್ಲಿ ಮೊಟ್ಟೆಯಂಶ ಅಳೆಯುವುದು ಇದರ ಲೆಕ್ಕದಲ್ಲೇ. ಇಂದಿನ ಅರ್ಧ ಮಿಲಿಲೀಟರ್ ಡೋಸಿನಲ್ಲಿ ಅದು ಸಾಮಾನ್ಯವಾಗಿ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ, ಎಷ್ಟೋ ಲಸಿಕೆಗಳಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇರುತ್ತದೆ. ಅದನ್ನು ಅರವತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಆಹಾರದ ಅಲರ್ಜಿ ಇರುವವರಿಗೆ ಸಾಮಾನ್ಯವಾಗಿ ಯಾವ ಪ್ರಮಾಣದಿಂದ ತೊಂದರೆ ಶುರುವಾಗುತ್ತದೆ ಎಂಬುದನ್ನು ತಜ್ಞರು ಮಿಲಿಗ್ರಾಮಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಮೊಟ್ಟೆಯನ್ನು ತಿನ್ನುತ್ತೇವೆ, ಲಸಿಕೆಯನ್ನು ಸ್ನಾಯುವಿಗೆ ಚುಚ್ಚುತ್ತೇವೆ. ಹೊಟ್ಟೆಗೆ ಹೋದದ್ದು ಜೀರ್ಣವಾಗುತ್ತದೆ, ಚುಚ್ಚಿದ್ದು ನೇರ ಒಳಗೆ ಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೇ? ಲೆಕ್ಕ ಒಂದೇ ಸಾಲದು ಎಂಬುದು ನಿಜ. ಅದಕ್ಕೇ ನಿಜವಾಗಿ ಅಲರ್ಜಿ ಇರುವ ಮಕ್ಕಳಲ್ಲೇ ಪರೀಕ್ಷಿಸಿ ನೋಡಬೇಕಾಯಿತು.

ಶುರುವಿನಲ್ಲಿ ಹೆಜ್ಜೆ ಬಹಳ ನಿಧಾನ. 1998ರಲ್ಲಿ ಅಮೆರಿಕದ ವೈದ್ಯರು ಮೊಟ್ಟೆ ಅಲರ್ಜಿ ಇದ್ದ 83 ಜನರಿಗೆ ಲಸಿಕೆಯ ಹತ್ತನೇ ಒಂದು ಭಾಗ ಮೊದಲು ಕೊಟ್ಟು, ಅರ್ಧ ಗಂಟೆ ಕಾದು, ಉಳಿದ ಒಂಬತ್ತು ಭಾಗ ಆಮೇಲೆ ಕೊಟ್ಟರು. ಯಾರಿಗೂ ಗಂಭೀರ ತೊಂದರೆ ಆಗಲಿಲ್ಲ. ನಂತರ ಒಡೆದು ಕೊಡುವುದನ್ನು ಬಿಟ್ಟು ಇಡೀ ಡೋಸ್ ಒಮ್ಮೆಗೇ ಕೊಟ್ಟು ನೋಡಿದರು. 2009ರ ಎಚ್1ಎನ್1 ಹಾವಳಿಯಲ್ಲಿ ಲಸಿಕೆಯಿಂದ ಯಾರನ್ನೂ ಹೊರಗಿಡುವುದು ಸಾಧ್ಯವಿಲ್ಲ ಎನ್ನಿಸಿದಾಗ ಕೆನಡಾದಂಥ ದೇಶಗಳಲ್ಲಿ ಈ ಅನುಭವ ಬೇಗ ಬೇಗ ಬೆಳೆಯಿತು. 2012ರ ಹೊತ್ತಿಗೆ ಪ್ರಕಟವಾಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿದಾಗ ಲಸಿಕೆ ಪಡೆದ ಮೊಟ್ಟೆ ಅಲರ್ಜಿಯವರು ನಾಲ್ಕು ಸಾವಿರಕ್ಕೂ ಹೆಚ್ಚು. ಅವರಲ್ಲಿ ಐನೂರಕ್ಕೂ ಹೆಚ್ಚು ಜನರದ್ದು ತೀವ್ರ ಅಲರ್ಜಿ. ಜೀವಕ್ಕೆ ಅಪಾಯ ತರುವ ಅನಾಫಿಲ್ಯಾಕ್ಸಿಸ್ ಅವರಲ್ಲಿ ಒಬ್ಬರಿಗೂ ಆಗಲಿಲ್ಲ.

ನನಗೆ ಎಲ್ಲಕ್ಕಿಂತ ನಂಬಿಕೆ ಹುಟ್ಟಿಸಿದ್ದು ಬ್ರಿಟನ್ನಿನ ಒಂದು ಅಧ್ಯಯನ. ಅಲ್ಲಿ 2013ರಿಂದ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಕೊಡಲು ಶುರುಮಾಡಿದರು. ಅದೂ ಮೊಟ್ಟೆಯಲ್ಲಿ ಬೆಳೆದದ್ದೇ. ಸಾಲದ್ದಕ್ಕೆ ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅಲರ್ಜಿ ಮಕ್ಕಳ ಮೂಗಿಗೆ ಇದನ್ನು ಬಿಡಬಹುದೇ ಎಂಬ ಪ್ರಶ್ನೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪಾಲ್ ಟರ್ನರ್ ಮತ್ತು ಸಂಗಡಿಗರು ಉತ್ತರ ಹುಡುಕಿದರು. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅವರ ಎರಡನೇ ಅಧ್ಯಯನದಲ್ಲಿದ್ದವರು ಎರಡರಿಂದ ಹದಿನೆಂಟು ವರ್ಷದೊಳಗಿನ 779 ಮಕ್ಕಳು. ಎಲ್ಲರಿಗೂ ಮೊಟ್ಟೆ ಅಲರ್ಜಿ. ಸೌಮ್ಯ ಅಲರ್ಜಿಯವರನ್ನು ಮಾತ್ರ ಆರಿಸಿಕೊಂಡಿರಲಿಲ್ಲ, 270 ಮಕ್ಕಳಿಗೆ ಹಿಂದೆ ಮೊಟ್ಟೆಯಿಂದ ಅನಾಫಿಲ್ಯಾಕ್ಸಿಸ್ ಆಗಿತ್ತು. ಲಸಿಕೆ ಕೊಟ್ಟ ಮೇಲೆ ಮೈತುಂಬ ಹರಡುವ ಅಲರ್ಜಿ ಪ್ರತಿಕ್ರಿಯೆ ಒಂದು ಮಗುವಿಗೂ ಆಗಲಿಲ್ಲ. ಮೂಗು ತುರಿಕೆ, ಅಲ್ಲಲ್ಲಿ ಗಂದೆ ಇಂಥ ಸಣ್ಣ ತೊಂದರೆ ಕಂಡದ್ದು ಒಂಬತ್ತು ಮಕ್ಕಳಲ್ಲಿ. ಇದಾದ ಮೇಲೆ ಬ್ರಿಟನ್ ತನ್ನ ನಿಯಮ ಸಡಿಲಿಸಿತು. ಮೊಟ್ಟೆಯಿಂದಾಗಿ ತೀವ್ರ ನಿಗಾ ಘಟಕ ಸೇರಬೇಕಾಗಿ ಬಂದಿದ್ದ ಮಕ್ಕಳಿಗೆ ಮಾತ್ರ ತಜ್ಞರ ಸಲಹೆ ಬೇಕೆಂದಿತು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದೇ ದಾರಿಯನ್ನು ಮೂರು ಹಂತದಲ್ಲಿ ನಡೆಯಿತು. 2011ರಲ್ಲಿ, ಬರೀ ಗಂದೆ ಏಳುವವರಿಗೆ ಕೊಡಿ, ಅರ್ಧ ಗಂಟೆ ಕೂರಿಸಿಕೊಂಡು ನೋಡಿ ಎಂದಿತು. 2016ರಲ್ಲಿ ಆ ಅರ್ಧ ಗಂಟೆಯನ್ನು ಕೈಬಿಟ್ಟಿತು. 2023ರಲ್ಲಿ, ಹಿಂದೆ ಎಂಥ ತೀವ್ರ ಪ್ರತಿಕ್ರಿಯೆ ಆಗಿದ್ದರೂ ಸರಿ, ಬೇರೆ ಯಾವುದೇ ಲಸಿಕೆಗೆ ಬೇಕಾದಷ್ಟೇ ಎಚ್ಚರಿಕೆ ಸಾಕು ಎಂದಿತು. ಅದಕ್ಕೂ ಮೊದಲು, 2017ರಲ್ಲೇ, ಅಲ್ಲಿನ ಅಲರ್ಜಿ ತಜ್ಞರ ಸಂಘಗಳು ಫ್ಲೂ ಲಸಿಕೆ ಕೊಡುವ ಮುನ್ನ ಮೊಟ್ಟೆಯ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ ಎಂದು ಬರೆದಿದ್ದವು.

ಹಾಗೆಂದು ಲಸಿಕೆಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದಲ್ಲ. ಅಮೆರಿಕದಲ್ಲಿ ಲಕ್ಷಾಂತರ ಜನರ ವೈದ್ಯಕೀಯ ದಾಖಲೆ ಜಾಲಾಡಿ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಲ್ಲ ಲಸಿಕೆಗಳೂ ಸೇರಿ ಹತ್ತು ಲಕ್ಷ ಡೋಸಿಗೆ ಸುಮಾರು 1.3ರಷ್ಟು ಅನಾಫಿಲ್ಯಾಕ್ಸಿಸ್ ಆಗುತ್ತದೆ. ಫ್ಲೂ ಲಸಿಕೆಯದ್ದೂ ಹೆಚ್ಚುಕಮ್ಮಿ ಅಷ್ಟೇ. ಈ ಅಪರೂಪದ ಘಟನೆ ಮೊಟ್ಟೆ ಆಗದವರಿಗೇ ಕಾದಿರುವುದಲ್ಲ, ಯಾರಿಗೆ ಬೇಕಾದರೂ ಆಗಬಹುದು. ಮೊಟ್ಟೆಯ ಪ್ರಶ್ನೆ ಕೇಳಿ ಒಂದು ಮಗುವನ್ನು ವಾಪಸ್ ಕಳಿಸಿದ ಕ್ಲಿನಿಕ್ ಅದನ್ನು ತಪ್ಪಿಸಿದಂತಾಗಲಿಲ್ಲ. ಬರುವ ಪ್ರತಿ ಮಗುವಿಗೂ ಸಿದ್ಧವಾಗಿರುವ ಕ್ಲಿನಿಕ್ ಮಾತ್ರ ಅದನ್ನು ನಿಭಾಯಿಸಬಲ್ಲದು.

ವಾಪಸ್ ಕಳಿಸಿದ ಆ ಮಗು ಎಂಥದ್ದು? ಶೈಶವದಲ್ಲಿ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಇಸುಬು, ಆಮೇಲೆ ಮೊಟ್ಟೆ ಅಥವಾ ಹಾಲಿನ ಅಲರ್ಜಿ, ಮೂರು ನಾಲ್ಕು ವರ್ಷಕ್ಕೆ ಉಬ್ಬಸ. ಈ ಸರಣಿ ಮಕ್ಕಳ ವೈದ್ಯರಿಗೆ ಚಿರಪರಿಚಿತ. ಬ್ರಿಟನ್ನಿನ ಆ 779 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ 57 ಮಕ್ಕಳಿಗೆ, ಉಬ್ಬಸ ಅಥವಾ ಮತ್ತೆ ಮತ್ತೆ ಎದೆ ಗೊರಗೊರ ಎನ್ನುವ ತೊಂದರೆ ಇತ್ತು. ಉಬ್ಬಸವಿರುವ ಮಗುವಿಗೆ ಫ್ಲೂ ಬಂದರೆ ಅದು ಮೂರು ದಿನದ ಜ್ವರವಾಗಿ ಮುಗಿಯುವುದಿಲ್ಲ. ನಡುರಾತ್ರಿ ಪಕ್ಕೆ ಒಳಗೆ ಎಳೆದುಕೊಂಡು ಉಸಿರಾಡುವ ಮಗುವನ್ನು ಎತ್ತಿಕೊಂಡು ನೆಬ್ಯುಲೈಸರ್ ಇರುವ ಆಸ್ಪತ್ರೆ ಹುಡುಕಿದ ತಂದೆ–ತಾಯಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 2018ರ ಒಂದೇ ವರ್ಷ ಫ್ಲೂ ಸಂಬಂಧಿ ಶ್ವಾಸಕೋಶದ ಸೋಂಕಿನಿಂದ 34 ಸಾವಿರಕ್ಕೂ ಹೆಚ್ಚು ಸಾವು ಸಂಭವಿಸಿರಬಹುದೆಂದು ಲ್ಯಾನ್ಸೆಟ್ ಪತ್ರಿಕೆಗಳ ಬಳಗದಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಮೊಟ್ಟೆ ಅಲರ್ಜಿಯ ಹೆಸರಲ್ಲಿ ನಾವು ಹೊರಗಿಡುತ್ತಿರುವುದು ಲಸಿಕೆ ಎಲ್ಲರಿಗಿಂತ ಮೊದಲು ಸಿಗಬೇಕಾದ ಮಕ್ಕಳನ್ನೇ. ನನ್ನನ್ನು ಎಲ್ಲಕ್ಕಿಂತ ಕಾಡುವುದು ಇದು.

ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ಗೋಜಲಿದೆ. ಮೊಟ್ಟೆ ಅಲರ್ಜಿ ಎಂದು ಹೇಳುವ ಎಷ್ಟೋ ಮಕ್ಕಳಿಗೆ ಅಲರ್ಜಿಯೇ ಇರುವುದಿಲ್ಲ. ಅಜ್ಜಿ ಮೊಟ್ಟೆ ಉಷ್ಣ ಎಂದಿರುತ್ತಾರೆ. ಗಾಯ ಆಗಿದ್ದಾಗ ತಿಂದರೆ ನಂಜು ಎಂದು ದೂರ ಇಟ್ಟಿರುತ್ತಾರೆ. ವಾಸನೆಗೆ ಮಗು ವಾಂತಿ ಮಾಡಿಕೊಂಡಿರುತ್ತದೆ. ಇನ್ನು ಮೊಟ್ಟೆಯನ್ನೇ ಮನೆಗೆ ತರದ ಕುಟುಂಬಗಳಲ್ಲಿ ಮಗುವಿಗೆ ಅಲರ್ಜಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ನಿಜವಾದ ಮೊಟ್ಟೆ ಅಲರ್ಜಿಯ ಲಕ್ಷಣ ಸ್ಪಷ್ಟ. ತಿಂದ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ, ಗಂದೆ, ತುಟಿ–ಕಣ್ಣು ಊತ, ವಾಂತಿ, ಕೆಮ್ಮು, ಉಬ್ಬಸ ಕಾಣಿಸಿಕೊಳ್ಳುತ್ತದೆ. ಮುಂದಿನ ಸಲ ತಿಂದಾಗಲೂ ಮರುಕಳಿಸುತ್ತದೆ. ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಶುರುವಾದ ಮೇಲೆ, ಇಂಥ ಮಗುವನ್ನು ಮೊದಲು ಗುರುತಿಸುವವರು ಮೇಷ್ಟ್ರೋ ಬಿಸಿಯೂಟದ ಅಡುಗೆಯವರೋ ಆಗಿರಬಹುದು. ಮೊಟ್ಟೆ ಬೆರೆಸಿದ ಕೇಕು ತಿಂದರೆ ಏನೂ ಆಗದೆ ಆಮ್ಲೆಟ್ ತಿಂದರೆ ಮಾತ್ರ ಊದಿಕೊಳ್ಳುವ ಮಕ್ಕಳೂ ಇದ್ದಾರೆ. ಚೆನ್ನಾಗಿ ಬೇಯಿಸಿದಾಗ ಕೆಲವು ಪ್ರೋಟೀನುಗಳ ಆಕಾರ ಕೆಡುವುದೇ ಇದಕ್ಕೆ ಕಾರಣ. ಈ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಾ ಅಲರ್ಜಿ ಕಳೆದುಕೊಳ್ಳುತ್ತಾರೆ.

ರಕ್ತಪರೀಕ್ಷೆಯ ವರದಿ ಈ ಗೋಜಲನ್ನು ಇನ್ನಷ್ಟು ಹೆಚ್ಚಿಸುತ್ತದೆ. ಯುರೋಪಿನ ನೆರವಿನ ಯೂರೋಪ್ರಿವಾಲ್ ಯೋಜನೆಯ ಭಾಗವಾಗಿ ಕರ್ನಾಟಕದಲ್ಲಿ ವಯಸ್ಕರ ಅಧ್ಯಯನ ನಡೆಯಿತು, 2016ರಲ್ಲಿ ಪ್ರಕಟವಾಯಿತು. ಯಾವುದಾದರೊಂದು ಆಹಾರಕ್ಕೆ ರಕ್ತಪರೀಕ್ಷೆ ಪಾಸಿಟಿವ್ ಬಂದವರು ಶೇ 26.5. ನಿಜವಾದ ಆಹಾರ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಅದೇ ಯೋಜನೆಯ ಶಾಲಾಮಕ್ಕಳ ಅಧ್ಯಯನದಲ್ಲಿ ಭಾರತದ ಪ್ರಮಾಣ ಇನ್ನೂ ಕಡಿಮೆ, ಶೇ 0.14. ನಲವತ್ತು ಐವತ್ತು ಪದಾರ್ಥಗಳ ಪ್ಯಾನೆಲ್ ಟೆಸ್ಟ್ ಮಾಡಿಸಿ, ಮೊಟ್ಟೆಯ ಎದುರು ಪಾಸಿಟಿವ್ ಎಂದು ಕಂಡ ಒಂದೇ ಕಾರಣಕ್ಕೆ, ನಿನ್ನೆಯವರೆಗೆ ಮೊಟ್ಟೆ ತಿಂದು ಆರಾಮಾಗಿದ್ದ ಮಗುವಿಗೆ ಅಲರ್ಜಿ ಎಂದು ಹಣೆಪಟ್ಟಿ ಹಚ್ಚಬಾರದು. ಫ್ಲೂ ಲಸಿಕೆಗಾಗಿಯಂತೂ ಈ ಟೆಸ್ಟ್ ಬೇಡವೇ ಬೇಡ. ಫಲಿತಾಂಶ ಏನೇ ಬಂದರೂ ಲಸಿಕೆಯ ನಿರ್ಧಾರ ಬದಲಾಗುವುದಿಲ್ಲವಲ್ಲ. ಲಸಿಕೆಯನ್ನೇ ಚರ್ಮಕ್ಕೆ ಚುಚ್ಚಿ "ಟೆಸ್ಟ್ ಡೋಸ್" ನೋಡುವ ಪದ್ಧತಿಗೂ ಇದೇ ಮಾತು ಅನ್ವಯಿಸುತ್ತದೆ. ಬರೀ ಕಿರಿಕಿರಿಯಿಂದ ಕೆಂಪಾದ ಚರ್ಮ ನೋಡಿ ಮತ್ತೊಂದು ಮಗು ಲಸಿಕೆ ತಪ್ಪಿಸಿಕೊಳ್ಳುತ್ತದೆ, ಅಷ್ಟೇ.

ಸಸ್ಯಾಹಾರಿ ಮನೆಗಳ ಹಿಂಜರಿಕೆ ಬೇರೆಯದು. ಅದು ಆರೋಗ್ಯದ ಪ್ರಶ್ನೆಯಲ್ಲ, ನಂಬಿಕೆಯ ಪ್ರಶ್ನೆ. ಅದನ್ನು ಗೌರವದಿಂದಲೇ ಕೇಳಿಸಿಕೊಂಡು, ಲಸಿಕೆಯಲ್ಲಿ ಉಳಿದಿರುವುದು ಎಷ್ಟು ಎಂದು ಮುಚ್ಚುಮರೆಯಿಲ್ಲದೆ ಹೇಳಿ, ನಿರ್ಧಾರವನ್ನು ಮನೆಯವರಿಗೆ ಬಿಡುವ ವೈದ್ಯರನ್ನು ನಾನು ಮೆಚ್ಚುತ್ತೇನೆ. ಆದರೆ "ನಾವು ಮೊಟ್ಟೆ ತಿನ್ನಲ್ಲ" ಎಂಬ ಉತ್ತರವನ್ನು ಫೈಲಿನಲ್ಲಿ "ಮೊಟ್ಟೆ ಅಲರ್ಜಿ" ಎಂದು ಬರೆದುಕೊಳ್ಳಬಾರದು.

ಸುರಕ್ಷಿತವಾಗಿ ಕೊಡುವುದು ಎಂದರೆ ಏನು ಎಂಬುದು ಈಗ ಉಳಿದಿರುವ ಮುಖ್ಯ ವಿಷಯ. ಅನಾಫಿಲ್ಯಾಕ್ಸಿಸ್ ಆದರೆ ಕೊಡಲು ಕ್ಲಿನಿಕ್ಕಿನಲ್ಲಿ ಅಡ್ರಿನಲಿನ್ ಇರಬೇಕು. ಅದು ಬೀರುವಿನ ಬೀಗದೊಳಗಲ್ಲ, ಲಸಿಕೆ ಕೊಡುವ ಮೇಜಿನ ಮೇಲೇ ಇರಬೇಕು, ಅವಧಿ ಮೀರಿರಬಾರದು, ಪಕ್ಕದಲ್ಲಿ ಒಂದು ಮಿಲಿಲೀಟರಿನ ಸಣ್ಣ ಸಿರಿಂಜ್ ಇರಬೇಕು. ವಿದೇಶಗಳಲ್ಲಿ ಸಿಗುವಂಥ ಪೆನ್ನಿನ ಆಕಾರದ ಅಡ್ರಿನಲಿನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ನಮ್ಮ ಆಸರೆ ಏನಿದ್ದರೂ ಗಾಜಿನ ಆ್ಯಂಪೂಲ್. ಬೆಲೆ ಅಗ್ಗ. ಮಗುವಿನ ತೂಕದ ಪ್ರತಿ ಕೆಜಿಗೆ 0.01 ಮಿಲಿಗ್ರಾಂ ಲೆಕ್ಕ. ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುವ ಆ್ಯಂಪೂಲಿನಿಂದ ಹತ್ತು ಕೆಜಿ ಮಗುವಿಗೆ 0.1 ಮಿಲಿಲೀಟರ್, ಇಪ್ಪತ್ತು ಕೆಜಿಯದಕ್ಕೆ 0.2. ತೊಡೆಯ ಹೊರಮಗ್ಗುಲಿನ ನಡುಭಾಗದಲ್ಲಿ, ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷದ ನಂತರ ಇನ್ನೊಮ್ಮೆ. ಈ ಲೆಕ್ಕವನ್ನು ಗೋಡೆಗೆ ಅಂಟಿಸಿಟ್ಟುಕೊಂಡರೆ ಗಾಬರಿಯ ಹೊತ್ತಿನಲ್ಲಿ ಹುಡುಕಾಡಬೇಕಿಲ್ಲ.

ನಮ್ಮ ಆಸ್ಪತ್ರೆಗಳ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ಅಲರ್ಜಿ ಎಂದ ಕೂಡಲೇ ಕೈ ಹೋಗುವುದು ಏವಿಲ್ ಮತ್ತು ಡೆಕ್ಸೋನಾ ಇಂಜೆಕ್ಷನ್ನಿಗೆ. ತುರಿಕೆಗೆ ಏವಿಲ್ ಸರಿ. ಉಸಿರು ಕಟ್ಟುತ್ತಿರುವ, ನಾಡಿ ಕುಸಿಯುತ್ತಿರುವ ಮಗುವಿನ ಜೀವ ಉಳಿಸುವುದು ಅಡ್ರಿನಲಿನ್ ಮಾತ್ರ, ಅದೂ ಮೊದಲ ನಿಮಿಷಗಳಲ್ಲೇ ಕೊಟ್ಟರೆ. ಉಳಿದದ್ದೆಲ್ಲ ಆಮೇಲೆ. ಮಗುವನ್ನು ಎತ್ತಿ ನಿಲ್ಲಿಸದೆ ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಟಕ್ಕೆ ಕಷ್ಟವಿದ್ದರೆ ಒರಗಿ ಕೂರಲು ಬಿಡಬೇಕು. ಲಸಿಕೆಯ ನಂತರ ಹದಿನೈದು ನಿಮಿಷ ಅಲ್ಲೇ ಇರಲು ಹೇಳುವುದು ಎಲ್ಲ ಮಕ್ಕಳಿಗೂ ಒಳ್ಳೆಯ ಪದ್ಧತಿ. ತಾಯಿಗೆ ಹೆದರಿಕೆಯಿದ್ದರೆ ಅರ್ಧ ಗಂಟೆ ಕೂರಿಸಿಕೊಳ್ಳಲಿ, ನಷ್ಟವೇನಿಲ್ಲ. ಆ ಅರ್ಧ ಗಂಟೆಗೆ ಜಾಗವಿಲ್ಲ ಎಂದು ಲಸಿಕೆಯನ್ನೇ ನಿರಾಕರಿಸುವುದು ಬೇಡ.

ನಿಜವಾಗಿ ಫ್ಲೂ ಲಸಿಕೆ ಕೊಡಬಾರದ ಮಗುವೂ ಇದೆ. ಹಿಂದೆ ಫ್ಲೂ ಲಸಿಕೆ ಪಡೆದಾಗಲೇ ತೀವ್ರ ಅಲರ್ಜಿ ಆಗಿದ್ದರೆ, ಅದು ಯಾವ ಅಂಶದಿಂದ ಆಯಿತೆಂದು ಅಲರ್ಜಿ ತಜ್ಞರು ನೋಡುವ ತನಕ ಮತ್ತೆ ಕೊಡುವಂತಿಲ್ಲ. ಆದ್ದರಿಂದ ನರ್ಸ್ ಕೇಳುವ ಎರಡನೇ ಪ್ರಶ್ನೆ ಉಳಿಯಬೇಕು, ಮೂರನೆಯದು ಹೋಗಬೇಕು. ತೊಡಕೆಂದರೆ ಹಲವು ಲಸಿಕೆಗಳ ಡಬ್ಬಿಯಲ್ಲಿ ಬರುವ ಮುದ್ರಿತ ಚೀಟಿಯಲ್ಲಿ ಮೊಟ್ಟೆಯ ಎಚ್ಚರಿಕೆ ಹಾಗೇ ಉಳಿದುಕೊಂಡಿದೆ. ನಾಳೆ ಏನಾದರೂ ಆದರೆ ಚೀಟಿಯಲ್ಲಿ ಬರೆದಿತ್ತಲ್ಲ ಎಂಬ ಮಾತು ಬರಬಹುದೆಂದು ವೈದ್ಯರು ಅಳುಕುವುದು ಅರ್ಥವಾಗುತ್ತದೆ. ಈ ಚೀಟಿಗಳನ್ನು ತಿದ್ದಿಸುವುದು, ಕನ್ನಡದಲ್ಲಿ ಸ್ಪಷ್ಟ ಸೂಚನೆ ಹೊರಡಿಸುವುದು ಆರೋಗ್ಯ ಇಲಾಖೆ ಮತ್ತು ಮಕ್ಕಳ ವೈದ್ಯರ ಸಂಘಗಳ ಕೈಯಲ್ಲಿದೆ.

ಮೊಟ್ಟೆಯ ಭಯ ಫ್ಲೂ ಲಸಿಕೆಗೇ ನಿಲ್ಲದೆ ಬೇರೆ ಲಸಿಕೆಗಳಿಗೂ ಹರಡುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ದಡಾರ–ರುಬೆಲ್ಲಾ ಲಸಿಕೆಯನ್ನು ಪುಣೆಯ ಸೀರಂ ಸಂಸ್ಥೆ ಮಾನವ ಜೀವಕೋಶಗಳಲ್ಲಿ ಬೆಳೆಸುತ್ತದೆ, ಅದಕ್ಕೂ ಮೊಟ್ಟೆಗೂ ಸಂಬಂಧವೇ ಇಲ್ಲ. ನಾಯಿ ಕಚ್ಚಿದಾಗ ಕೊಡುವ ಲಸಿಕೆಗಳಲ್ಲಿ ಒಂದು ಬಗೆ ಕೋಳಿಭ್ರೂಣದ ಕೋಶಗಳಲ್ಲಿ ತಯಾರಾಗುತ್ತದೆ. ಆದರೆ ರೇಬೀಸ್ ಬಂದರೆ ಸಾವೇ ಗತಿ, ಕಚ್ಚಿದ ಮೇಲೆ ಲಸಿಕೆ ನಿಲ್ಲಿಸಲು ಯಾವ ಅಲರ್ಜಿಯೂ ಕಾರಣವಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಮಲೆನಾಡಿನಲ್ಲಿ ದಶಕಗಳ ಕಾಲ ಕೊಟ್ಟ ಲಸಿಕೆಯೂ ಕೋಳಿಭ್ರೂಣದ ಕೋಶಗಳಲ್ಲೇ ಬೆಳೆದದ್ದು. ಮೊಟ್ಟೆ ಅಲರ್ಜಿಯವರು ಇಂದಿಗೂ ಅಲರ್ಜಿ ತಜ್ಞರನ್ನು ಕಂಡು ಮುಂದುವರಿಯಬೇಕಾದ್ದು ಆಫ್ರಿಕಾ ಪ್ರಯಾಣಕ್ಕೆ ಬೇಕಾಗುವ ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಮಾತ್ರ. ಅದರಲ್ಲಿ ಉಳಿಯುವ ಮೊಟ್ಟೆಯಂಶ ಹೆಚ್ಚು.

ಇನ್ನು ಈ ವರ್ಷದ ಲೆಕ್ಕ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಆರು ತಿಂಗಳಿಂದ ಐದು ವರ್ಷದ ಎಲ್ಲ ಮಕ್ಕಳಿಗೂ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ ಎನ್ನುತ್ತದೆ. ಉಬ್ಬಸದಂಥ ತೊಂದರೆ ಇರುವವರು ಐದರ ನಂತರವೂ ಮುಂದುವರಿಸಬೇಕು. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದು ಇಲ್ಲ. ಖಾಸಗಿಯಲ್ಲಿ ಒಂದು ಡೋಸಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ, ಕೂಲಿಯ ಮನೆಗೆ ಇದು ದೊಡ್ಡ ಮೊತ್ತ. ಅಷ್ಟು ದುಡ್ಡು ಹೊಂದಿಸಿಕೊಂಡು ಬಂದ ತಾಯಿಯನ್ನು ಆಧಾರವಿಲ್ಲದ ಕಾರಣಕ್ಕೆ ವಾಪಸ್ ಕಳಿಸುವುದು ಅನ್ಯಾಯ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಮೊದಲನೆಯದನ್ನು ಏಪ್ರಿಲ್ ಕೊನೆಯಲ್ಲಿ ಹಾಕಿಸಿದರೆ ಎರಡನೆಯದು ಮೇ ಮುಗಿಯುವ ಮುನ್ನ ಆಗುತ್ತದೆ. ಮೊದಲ ಡೋಸಿನ ನಂತರ ತೋಳು ನೋವು, ಒಂದು ದಿನದ ಜ್ವರ ಬಂದರೆ ಅದು ಅಲರ್ಜಿಯಲ್ಲ, ಎರಡನೆಯದನ್ನು ಬಿಡಬೇಡಿ. ಏನೂ ಆಗಲಿಲ್ಲ ಎಂಬುದನ್ನೂ ಲಸಿಕೆ ಪುಸ್ತಕದಲ್ಲಿ ಬರೆಸಿಕೊಳ್ಳಿ. ಮುಂದಿನ ವರ್ಷ ಬೇರೆ ಊರು, ಬೇರೆ ವೈದ್ಯರು ಆದರೂ ಆ ಒಂದು ಸಾಲು ತೋರಿಸಿದರೆ ಸಾಕಾಗುತ್ತದೆ.